ತಲೆಯ ಅಳತೆ

ಕೃಷ್ಣೆಯ ದಂಡೆಯ ಒಂದು ಊರಿನಲ್ಲಿ ದಸ್ತಗೀರ ಮಾಸ್ತರು ಸೈಕಲ್ ರೇಸಿನ ಪಾಠ ಹೇಳುತ್ತಿದ್ದರು. ಒಂದು ತಗಡಿನ ಶೆಡ್ಡು, ಎಂಟು ಸೈಕಲ್ಲು, ಸೇತುವೆ ದಾಟಿ ನೇರವಾಗಿ ಹೋಗುವ ಡಾಂಬರು ರಸ್ತೆ. ಅವರ ಶಾಲೆ ಎಂದರೆ ಅಷ್ಟೇ.

ಮಾಸ್ತರು ಕಡಿಮೆ ಮಾತಿನವರು. ಅವರ ಶಿಷ್ಯೆ ದಾನಮ್ಮ ಬಹಳ ಪ್ರಶ್ನೆ ಕೇಳುವವಳು.

ಅವಳಿಗೆ ಹತ್ತೊಂಬತ್ತು ವರ್ಷ. ಯಾವ ಕಡೆ ತಿರುಗಿದರೂ ಗಾಳಿ ಎದುರಿನಿಂದಲೇ ಏಕೆ ಬರುತ್ತದೆ ಎಂದು ಕೇಳುತ್ತಿದ್ದಳು. ಏರಿನಲ್ಲಿ ಕಾಲು ಮೊದಲು ಸೋಲುತ್ತದೆಯೋ ಮನಸ್ಸು ಮೊದಲು ಸೋಲುತ್ತದೆಯೋ ಎಂದು ಕೇಳುತ್ತಿದ್ದಳು. ಹತ್ತು ಪ್ರಶ್ನೆ ಕೇಳಿದರೆ ಮಾಸ್ತರು ಒಂದಕ್ಕೆ ಉತ್ತರ ಕೊಡುತ್ತಿದ್ದರು. ಉಳಿದ ಒಂಬತ್ತನ್ನು ರಸ್ತೆಗೆ ಬಿಡುತ್ತಿದ್ದರು.

ಆ ವರ್ಷ ಜಿಲ್ಲೆಯ ರಸ್ತೆ ರೇಸಿಗೆ ದಾನಮ್ಮನ ಹೆಸರು ಬಂತು. ಅರವತ್ತು ಕಿಲೋಮೀಟರು. ಮೊದಲು ಬಂದ ಮೂವರು ರಾಜ್ಯದ ತಂಡಕ್ಕೆ ಹೋಗುತ್ತಿದ್ದರು.

ಸುದ್ದಿ ಕೇಳಿ ಅವಳ ಸೋದರಮಾವ ಸಿದರಾಯ ಕೊಲ್ಹಾಪುರದಿಂದ ಒಂದು ಹೆಲ್ಮೆಟ್ ತಂದುಕೊಟ್ಟ. ತಂದೆ ಇಲ್ಲದ ಅವಳಿಗೆ ಮೊದಲ ಸೈಕಲ್ ಕೊಡಿಸಿದವನೂ ಅವನೇ. ಹೆಲ್ಮೆಟ್ಟು ಬಂಗಾರದ ಬಣ್ಣದ್ದು. ದೊಡ್ಡ ದೊಡ್ಡ ರೇಸು ಗೆದ್ದವರು ಇದೇ ಹಾಕಿಕೊಳ್ಳುತ್ತಾರೆ ಎಂದು ಅಂಗಡಿಯವನು ಹೇಳಿದ್ದನಂತೆ. ಅಂಗೈಯಲ್ಲಿ ಇಟ್ಟರೆ ಇಟ್ಟದ್ದೇ ಗೊತ್ತಾಗದಷ್ಟು ಹಗುರ.

ದಾನಮ್ಮ ಅದನ್ನು ಶೆಡ್ಡಿಗೆ ತಂದಳು. ಎಲ್ಲರೂ ಮುಟ್ಟಿ ಮುಟ್ಟಿ ನೋಡಿದರು. ಮಾಸ್ತರು ಮುಟ್ಟಲಿಲ್ಲ. ಹಾಕಿಕೋ ಎಂದರು. ಗದ್ದದ ಪಟ್ಟಿ ಹಾಕಬೇಡ ಎಂದರು. ಆಮೇಲೆ ನೆಲದ ಮೇಲಿದ್ದ, ನಟ್ಟು ಬಿಗಿಯುವ ಪಾನಾ ಎತ್ತಿಕೊಡಲು ಹೇಳಿದರು.

ದಾನಮ್ಮ ಬಗ್ಗಿದಳು. ಅವಳ ಕೈ ಪಾನಾ ಮುಟ್ಟುವ ಮೊದಲೇ ಹೆಲ್ಮೆಟ್ಟು ನೆಲ ಮುಟ್ಟಿತು.

"ಪಟ್ಟಿ ಹಾಕಿದ್ರ ಬೀಳಂಗಿಲ್ರಿ ಸರ," ಎಂದಳು ದಾನಮ್ಮ.

"ಪಟ್ಟಿ ಹೆಲ್ಮೆಟ್ ಹಿಡೀತೈತಿ," ಎಂದರು ಮಾಸ್ತರು. "ಹೆಲ್ಮೆಟ್ ಏನ ಹಿಡೀತೈತಿ?"

ದಾನಮ್ಮ ಹೆಲ್ಮೆಟ್ಟನ್ನು ಎತ್ತಿಕೊಂಡು ಧೂಳು ಒರೆಸಿದಳು.

ಮನೆಗೆ ಹೋಗಿ ಅವಳು ಹೆಲ್ಮೆಟ್ಟಿನ ಹಿಂದಿದ್ದ ತಿರುಪನ್ನು ಕೊನೆಯವರೆಗೂ ತಿರುವಿದಳು. ಆದರೂ ಸಡಿಲ. ಹಳೆಯ ಸೀರೆಯ ತುಂಡೊಂದನ್ನು ನಾಲ್ಕು ಮಡಿಕೆ ಮಾಡಿ ಒಳಗಿಟ್ಟಳು. ಪಟ್ಟಿಯನ್ನು ಉಗುಳು ನುಂಗಲಾಗದಷ್ಟು ಬಿಗಿದಳು. ಈಗ ಅಲ್ಲಾಡುತ್ತಿರಲಿಲ್ಲ. ಅಥವಾ ಅಲ್ಲಾಡುತ್ತಿಲ್ಲ ಎಂದು ಅವಳಿಗೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಮಾಸ್ತರು ಅವಳನ್ನು ಸೇತುವೆಯ ಇಳಿಜಾರಿನಲ್ಲಿ ಬಿಟ್ಟರು. ತಾವು ಮೊಪೆಡ್ಡಿನಲ್ಲಿ ಹಿಂದೆ ಬಂದರು. ಇಳಿಜಾರು ಮುಗಿದಲ್ಲಿ ನಿಲ್ಲಿಸಿದರು. ಹತ್ತಿರ ಬಂದು ಹೆಬ್ಬೆರಳನ್ನು ಅವಳ ಹಣೆಯ ನಡುವೆ ಒತ್ತಿದರು.

"ಇದೇನು?"

"ಹಣೀರಿ."

"ಇದನ್ನ ಮನ್ಯಾಗ ಬಿಟ್ಟ ಬರಾಕ ಬರ್ತೈತೇನ?"

ದಾನಮ್ಮ ಕೈಯಿಂದ ಮುಟ್ಟಿ ನೋಡಿಕೊಂಡಳು. ಗಾಳಿ ಹೆಲ್ಮೆಟ್ಟನ್ನು ಹಿಂದಕ್ಕೆ ನೂಕಿತ್ತು. ಅದು ಅವಳ ನೆತ್ತಿಯ ಹಿಂದೆ ಟೊಪ್ಪಿಗೆಯ ಹಾಗೆ ಕೂತಿತ್ತು. ಹಣೆ ಪೂರ್ತಿ ಬಯಲಾಗಿತ್ತು.

ಹಾಗಾದರೆ ಎಲ್ಲಕ್ಕಿಂತ ಒಳ್ಳೆಯ ಹೆಲ್ಮೆಟ್ ಯಾವುದು ಎಂದು ಅವಳು ಕೇಳಿದಳು. ಯಾವ ಕಂಪನಿಯದು, ಎಷ್ಟು ತೂತಿನದು, ಎಷ್ಟು ತೂಕದ್ದು ಎಂದೆಲ್ಲ ಕೇಳಿದಳು. ಮಾಸ್ತರು ಒಂದನ್ನೂ ಹೇಳಲಿಲ್ಲ. ಜಮಖಂಡಿಯಲ್ಲಿ ಗುರಪಾದಪ್ಪನವರ ಸೈಕಲ್ ಅಂಗಡಿ ಇದೆ, ಹೋಗಿ ಬಾ ಎಂದರು. ಒಂದೇ ಒಂದು ಕಟ್ಟಳೆ ಹಾಕಿದರು.

"ಕನ್ನಡಿಗೆ ಬೆನ್ನ ಮಾಡಿ ಕೂಡು."

"ಯಾಕ್ರಿ?"

ಅದು ಉಳಿದ ಒಂಬತ್ತರಲ್ಲಿ ಸೇರಿತು.

ಗುರಪಾದಪ್ಪ ವಯಸ್ಸಾದವರು, ಅವಸರ ಇಲ್ಲದವರು. ಮಾಸ್ತರ ಕಟ್ಟಳೆ ಕೇಳಿ ನಕ್ಕು, ಅಂಗಡಿಯ ಕನ್ನಡಿಗೆ ಟವೆಲ್ ಹೊದಿಸಿಬಿಟ್ಟರು. ಟೇಪು ತಂದು ಅವಳ ಹುಬ್ಬಿನ ಸ್ವಲ್ಪ ಮೇಲಿಂದ ತಲೆಯ ಸುತ್ತ ಅಳೆದರು. ಐವತ್ತೈದು ಸೆಂಟಿಮೀಟರು.

ದಾನಮ್ಮನಿಗೆ ಆಶ್ಚರ್ಯವಾಯಿತು. ತನ್ನ ಕಾಲಿನ ಅಳತೆ ಗೊತ್ತಿತ್ತು, ಸೊಂಟದ್ದು ಗೊತ್ತಿತ್ತು, ಸೈಕಲ್ಲಿನ ಸೀಟು ಎಷ್ಟು ಎತ್ತರ ಇರಬೇಕೆಂಬುದು ಗೊತ್ತಿತ್ತು. ಹುಟ್ಟಿದಾಗಿನಿಂದ ಹೊತ್ತುಕೊಂಡು ತಿರುಗುತ್ತಿದ್ದ ತಲೆಯದು ಗೊತ್ತಿರಲಿಲ್ಲ.

ಗುರಪಾದಪ್ಪ ಆ ಅಳತೆಯ ಒಂದು ಹೆಲ್ಮೆಟ್ ಕೊಟ್ಟರು. ಹಣೆಗೂ ಹಿಂದಲೆಗೂ ಒತ್ತಿತು. ಎರಡು ಪಕ್ಕದಲ್ಲಿ ಬೆರಳು ಹೋಗುವಷ್ಟು ಸಂದು.

ಅಳತೆ ಸರಿ ಇದ್ದರೂ ಏಕೆ ಕೂರುತ್ತಿಲ್ಲ ಎಂದು ಅವಳು ಕೇಳಿದಳು. ಸುತ್ತಳತೆ ಒಂದೇ ಇದ್ದರೂ ಕೆಲವರ ತಲೆ ಕುಂಬಳಕಾಯಿಯಂತೆ ದುಂಡಗೆ, ಕೆಲವರದು ಪಪ್ಪಾಯಿಯಂತೆ ಉದ್ದಕ್ಕೆ ಇರುತ್ತದೆ ಎಂದು ಗುರಪಾದಪ್ಪ ಹೇಳಿದರು. ಅವಳದು ಪಪ್ಪಾಯಿ.

ದಾನಮ್ಮನಿಗೆ ಇದು ಎಷ್ಟು ಹಿಡಿಸಿತೆಂದರೆ ಟೇಪು ಇಸಿದುಕೊಂಡು ಗುರಪಾದಪ್ಪನವರ ತಲೆಯನ್ನೇ ಅಳೆದಳು. ಗಾಲಿಗೆ ಗಾಳಿ ಹಾಕಿಸಲು ಬಂದಿದ್ದ ಪೋಸ್ಟ್‌ಮನ್ನನ ತಲೆಯನ್ನೂ ಅಳೆದಳು. ಇಬ್ಬರದೂ ಐವತ್ತೇಳು. ಒಬ್ಬರಿಗೆ ಕೂತ ಹೆಲ್ಮೆಟ್ ಇನ್ನೊಬ್ಬರಿಗೆ ಕೂರಲಿಲ್ಲ.

ಎರಡನೆಯ ಹೆಲ್ಮೆಟ್ ಕಿವಿಯ ಮೇಲೆ ಚುಚ್ಚಿತು. ಮೂರನೆಯದು ಬಂದು ಕೂತಿತು. ತಲೆ ಅತ್ತಿತ್ತ ಅಲ್ಲಾಡಿಸಿದಳು. ಹೆಲ್ಮೆಟ್ಟು ಜಾರಲಿಲ್ಲ, ಅದರ ಜೊತೆ ಹಣೆಯ ಚರ್ಮವೂ ಅಲುಗಿತು. ಹುಬ್ಬಿನ ಮೇಲೆ ಎರಡು ಬೆರಳು ಇಡುವಷ್ಟೇ ಜಾಗ ಉಳಿದಿತ್ತು. ಪಕ್ಕದ ಪಟ್ಟಿಗಳನ್ನು ಗುರಪಾದಪ್ಪ ಕಿವಿಯ ಕೆಳಗೆ ಸೇರುವಂತೆ ಸರಿಸಿದರು. ಗದ್ದದ ಪಟ್ಟಿಯ ಸಂದಿನಲ್ಲಿ ಒಂದು ಬೆರಳು ಹೋಗುವಷ್ಟು ಬಿಟ್ಟರು.

ಆಮೇಲೆ ಕೇಳಿದರು, ರೇಸಿನ ದಿನ ಕೂದಲು ಹೇಗೆ ಕಟ್ಟುತ್ತೀ ಎಂದು. ಅವಳು ತುರುಬು ಕಟ್ಟಿಕೊಂಡು ಬಂದಿದ್ದಳು. ರೇಸಿಗೆ ಹಾಕುವುದು ಕುತ್ತಿಗೆಯ ಹತ್ತಿರ ಇಳಿಬಿಟ್ಟ ಜಡೆ. ತುರುಬು ಬಿಚ್ಚಿ ಜಡೆ ಹೆಣೆದು ಮತ್ತೆ ಹಾಕಿಕೊಂಡಳು. ಹಿಂದಿನ ತಿರುಪನ್ನು ಎರಡು ಸುತ್ತು ಬಿಗಿಯಬೇಕಾಯಿತು.

ಹಾಗೆಯೇ ಅರ್ಧ ತಾಸು ಕೂಡ್ರಿಸಿದರು ಗುರಪಾದಪ್ಪ. ಚಹಾ ತರಿಸಿದರು. ತಮ್ಮ ಮೊಮ್ಮಗಳ ಮದುವೆಯ ಕಥೆ ಹೇಳಿದರು. ಕಥೆ ಮುಗಿದ ಮೇಲೆ ದಾನಮ್ಮ ಎದ್ದು ಚಪ್ಪಲಿ ಮೆಟ್ಟಿ ಹೊರಟಳು. ತಲೆಯ ಮೇಲಿನದನ್ನು ಇಲ್ಲೇ ಬಿಟ್ಟು ಹೋಗುತ್ತೀಯೋ, ಕೊಳ್ಳುತ್ತೀಯೋ ಎಂದು ಅವರು ಹಿಂದಿನಿಂದ ಕೂಗಿದಾಗಲೇ ಅವಳಿಗೆ ನೆನಪಾದದ್ದು.

ತೆಗೆದು ನೋಡಿದಳು. ಅರಿಸಿನದ ಬಣ್ಣ. ಮಾವ ತಂದದ್ದರ ಮುಂದೆ ಬಹಳ ಸಾದಾ. ಅದನ್ನೇ ಕೊಂಡಳು.

ಮುಂದಿನ ಎರಡು ದಿನ ಅವಳು ಶೆಡ್ಡಿನಲ್ಲಿ ಎಲ್ಲರ ತಲೆ ಅಳೆದಳು. ಇಬ್ಬರು ತಪ್ಪು ಅಳತೆಯ ಹೆಲ್ಮೆಟ್ ಹಾಕುತ್ತಿದ್ದದ್ದು ಗೊತ್ತಾಯಿತು. ಮಾಸ್ತರು ತಡೆಯಲಿಲ್ಲ. ತಮ್ಮ ಸರದಿ ಬಂದಾಗ ಅವರೂ ಟೊಪ್ಪಿಗೆ ತೆಗೆದು ತಲೆ ತಗ್ಗಿಸಿದರು.

ಉಳಿದದ್ದು ಮಾವನಿಗೆ ಹೇಳುವ ಕೆಲಸ. ಅದು ಏರು ಹತ್ತುವುದಕ್ಕಿಂತ ಕಷ್ಟವಾಗಿತ್ತು. ಅವಳು ಬಂಗಾರದ ಹೆಲ್ಮೆಟ್ಟನ್ನು ಅವನ ಮುಂದಿಟ್ಟಳು. ಇದು ಚೆನ್ನಾಗಿಲ್ಲವೇ ಎಂದು ಸಿದರಾಯ ಕೇಳಿದ.

"ಬಾಳ ಚಲೋ ಐತಿ ಮಾಮಾ. ನನ್ನ ತಲಿಗೆ ಆಗಂಗಿಲ್ಲ."

ಸಿದರಾಯ ಅದನ್ನು ಮೊಣಕಾಲ ಮೇಲಿಟ್ಟುಕೊಂಡು ತಿರುಗಿಸಿ ನೋಡಿದ. ಅಂಗಡಿಯಲ್ಲಿ ನಿನ್ನ ಮುಖ ನೆನಸಿಕೊಂಡು ಆರಿಸಿದೆ, ತಲೆ ನೆನಪಾಗಲಿಲ್ಲ ಎಂದ. ರೇಸಿಗೆ ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ.

ರೇಸಿನ ದಿನ ಭಾನುವಾರ. ನಲವತ್ತು ಕಿಲೋಮೀಟರಿನವರೆಗೆ ದಾನಮ್ಮ ಎರಡನೆಯವಳಾಗಿದ್ದಳು. ಮುಂದಿನವಳ ನೀರಿನ ಬಾಟಲಿ ಕಳಚಿ ರಸ್ತೆಗೆ ಬಿತ್ತು. ಉರುಳುತ್ತ ಬಂದು ದಾನಮ್ಮನ ಮುಂದಿನ ಗಾಲಿಗೆ ಸಿಕ್ಕಿತು.

ಅವಳು ಎಡಕ್ಕೆ ಬಿದ್ದಳು. ರಸ್ತೆಯ ಅಂಚಿನ ಕಲ್ಲಿಗೆ ತಲೆ ಬಡಿಯಿತು. ಆ ಸದ್ದು ಜನ ನಿಂತಿದ್ದ ಕಡೆಯವರೆಗೂ ಕೇಳಿಸಿತು.

ಅವರ ನಡುವೆ ನಿಂತಿದ್ದ ಸಿದರಾಯ ಎಲ್ಲರಿಗಿಂತ ಮೊದಲು ಓಡಿ ಬಂದ. ಅವನು ತಲುಪುವ ಹೊತ್ತಿಗೆ ದಾನಮ್ಮ ಎದ್ದು ಕೂತಿದ್ದಳು. ಮೊಣಕೈ ಸುಲಿದು ರಕ್ತ ಬರುತ್ತಿತ್ತು. ಹಣೆಯ ಮೇಲೆ ಒಂದು ಗೀರೂ ಇರಲಿಲ್ಲ. ಹೆಲ್ಮೆಟ್ಟು ಹಾಕಿದಲ್ಲಿಯೇ ಇತ್ತು. ಅದರ ಎಡಪಕ್ಕ ಬಿರುಕು ಬಿಟ್ಟಿತ್ತು.

ಅವಳು ಸೈಕಲ್ ಎತ್ತಿಕೊಂಡಳು. ಅಷ್ಟರಲ್ಲಿ ಮಾಸ್ತರು ಬಂದು ಹ್ಯಾಂಡಲ್ ಹಿಡಿದರು.

"ಬಿಡ್ರಿ ಸರ. ಇನ್ನ ಇಪ್ಪತ್ತ ಕಿಲೋಮೀಟರ್ ಅಷ್ಟ."

"ಇವತ್ತ ಯಾವ ವಾರ?"

"ಶುಕ್ರವಾರ್ರಿ."

ಮಾಸ್ತರು ಸೈಕಲ್ಲನ್ನು ಸಿದರಾಯನ ಕೈಗೆ ಕೊಟ್ಟರು. ದಾನಮ್ಮ ಬೇಡಿಕೊಂಡಳು, ಅತ್ತಳು, ರಾಜ್ಯದ ತಂಡ ಕೈತಪ್ಪುತ್ತದೆ ಎಂದಳು. ಮಾಸ್ತರು ಅವಳನ್ನು ನೆರಳಿಗೆ ಕರೆತಂದು ಕೂಡ್ರಿಸಿ ಪಕ್ಕದಲ್ಲಿ ನಿಂತರು. ಹಿಂದೆ ಇದ್ದವರು ಒಬ್ಬೊಬ್ಬರಾಗಿ ಅವಳ ಮುಂದೆಯೇ ದಾಟಿಹೋದರು.

ಆಸ್ಪತ್ರೆಯಲ್ಲಿ ಡಾಕ್ಟರು ಒಳಗೆ ಗಾಯ ಇಲ್ಲ ಎಂದರು. ಆದರೂ ಮಿದುಳು ಅಲುಗಿದೆ, ತಾವು ಮತ್ತೆ ನೋಡಿ ಹೇಳುವವರೆಗೆ ಸೈಕಲ್ ಮುಟ್ಟಬಾರದು ಎಂದರು.

ತಿಂಗಳಾಗುವ ಹೊತ್ತಿಗೆ ಡಾಕ್ಟರು ಒಪ್ಪಿಗೆ ಕೊಟ್ಟರು. ದಾನಮ್ಮ ಶೆಡ್ಡಿಗೆ ಬಂದಳು. ಕೈಯಲ್ಲಿ ಅದೇ ಹೆಲ್ಮೆಟ್ಟು. ಅವಳ ತಾಯಿ ಅದನ್ನು ಒರೆಸಿ ವಿಭೂತಿ ಹಚ್ಚಿ, ದೇವರ ಮುಂದೆ ಇಟ್ಟಿದ್ದಳು. ಬಿರುಕಿಗೆ ಅಂಟು ಹಚ್ಚಿತ್ತು. ದೂರದಿಂದ ನೋಡಿದರೆ ಒಡೆದದ್ದು ಗೊತ್ತಾಗುತ್ತಿರಲಿಲ್ಲ.

ಇನ್ನು ಮೇಲೆ ಎಲ್ಲ ರೇಸಿಗೂ ಇದನ್ನೇ ಹಾಕುತ್ತೇನೆ ಎಂದು ಅವಳು ಮಾಸ್ತರಿಗೆ ಹೇಳಿದಳು.

ಮಾಸ್ತರು ಎರಡು ಕೈಯಿಂದ ಅದನ್ನು ಇಸಿದುಕೊಂಡರು. ವಿಭೂತಿ ನೋಡಿ, ಒಮ್ಮೆ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಹಲಗೆಯ ಮೇಲಿದ್ದ ಕತ್ತರಿ ತೆಗೆದು ಅದರ ಪಟ್ಟಿಗಳನ್ನು ಕತ್ತರಿಸಿದರು.

ದಾನಮ್ಮ ಅವರ ಕೈ ಹಿಡಿಯುವಷ್ಟರಲ್ಲಿ ಎರಡೂ ತುಂಡಾಗಿದ್ದವು.

"ನನ್ನ ಜೀವಾ ಉಳಿಸೇತ್ರಿ ಅದು," ಎಂದಳು.

"ಹೌದು," ಎಂದರು ಮಾಸ್ತರು. "ಹೆಂಗ ಉಳಿಸ್ತು, ನೋಡೀ ಏನ?"

ಅವಳು ನೋಡಿರಲಿಲ್ಲ. ಸಿಟ್ಟಿನ ನಡುವೆಯೂ ಅವಳಿಗೆ ನೋಡಬೇಕು ಅನ್ನಿಸಿತು.

ಮಾಸ್ತರು ಒಳಗಿನ ಮೆತ್ತೆಗಳನ್ನು ಕಿತ್ತರು. ಅಂಟು ಹಚ್ಚಿದ ಜಾಗವನ್ನು ಮೊಣಕಾಲಿಗೆ ಒತ್ತಿ ಬಿಡಿಸಿದರು. ಹೊರಗಿನದು ಉಗುರಿನಷ್ಟು ತೆಳುವಾದ ಪ್ಲಾಸ್ಟಿಕ್. ಒಳಗೆಲ್ಲ ಥರ್ಮಾಕೋಲಿನಂಥದ್ದು. ಬಲಪಕ್ಕದಲ್ಲಿ ಅದು ಹೆಬ್ಬೆರಳಿಗಿಂತ ದಪ್ಪವಿತ್ತು. ಎಡಪಕ್ಕದಲ್ಲಿ ಅಪ್ಪಚ್ಚಿಯಾಗಿ, ಇನ್ನೊಂದು ಪೆಟ್ಟು ತಾಳಲು ಕಿರುಬೆರಳಿನಷ್ಟೂ ಉಳಿದಿರಲಿಲ್ಲ.

ದಾನಮ್ಮ ಆ ಜಾಗವನ್ನು ಬೆರಳಿನಿಂದ ಒತ್ತಿದಳು. ಅದು ಮತ್ತೆ ಉಬ್ಬಲಿಲ್ಲ. ಬಲಪಕ್ಕ ಒತ್ತಿದಳು. ಮತ್ತೆ ಎಡಪಕ್ಕ ಒತ್ತಿದಳು.

"ಇಷ್ಟ ಮೆತ್ತಂದೇನ್ರಿ ಕಲ್ಲಿಗೆ ತಡದದ್ದು?"

ಮಾಸ್ತರು ಹೌದೆಂದು ತಲೆಯಾಡಿಸಿದರು.

"ಇನ್ನೂ ಗಟ್ಟಿ ಇದ್ದಿದ್ರ ಇದು ಒಡೀತಿರ್ಲಿಲ್ಲಲ್ರಿ?"

"ಇದು ಒಡೀಲಿಲ್ಲಂದ್ರ ಏನ ಒಡೀಬೇಕಿತ್ತು?"

ದಾನಮ್ಮ ಎಡಗಿವಿಯ ಮೇಲ್ಭಾಗವನ್ನು ಮುಟ್ಟಿಕೊಂಡಳು. ನದಿಯ ಕಡೆಯಿಂದ ಗಾಳಿ ಬಂದು ಶೆಡ್ಡಿನ ತಗಡು ಸದ್ದು ಮಾಡಿತು. ಕತ್ತರಿಸಿದ ಪಟ್ಟಿಗಳನ್ನು ಅವಳೇ ಎತ್ತಿ, ಒಡೆದ ಹೆಲ್ಮೆಟ್ಟಿನೊಳಗೆ ಇಟ್ಟಳು.

"ಇಂಥಾದ್ದು ಇನ್ನೊಂದ ಎಲ್ಲಿ ಹುಡಕ್ಲಿರಿ ಸರ?"

ದಸ್ತಗೀರ ಮಾಸ್ತರು ಅವಳ ಸೈಕಲ್ಲಿನ ಗಾಲಿಗೆ ಗಾಳಿ ಹಾಕತೊಡಗಿದ್ದರು. ತಲೆ ಎತ್ತಲಿಲ್ಲ.

"ಇಂಥಾದ್ದ ಹುಡಕಬ್ಯಾಡ. ನಿನ್ನ ತಲಿಗೆ ಆಗೂದ ಹುಡಕು."