ಹಂಚಿದ ಬೆಳಕು

ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿನ ಗುರುಗಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು.

ಷಡಕ್ಷರಿ ಆ ಮಠದಲ್ಲೇ ಉಂಡು, ಅಲ್ಲೇ ಮಲಗಿ, ಓದಿ, ಕಣ್ಣಿನ ಡಾಕ್ಟರಾದವನು. ಸುದ್ದಿ ಕೇಳಿ ಓಡಿ ಬಂದ.

"ಬುದ್ಧೀ, ಆಪರೇಷನ್ ನಾನೇ ಮಾಡ್ತೀನಿ. ಇರೋದರಲ್ಲೇ ಒಳ್ಳೇ ಲೆನ್ಸ್, ಮಲ್ಟಿಫೋಕಲ್ ಅಂತಾರೆ, ಅದನ್ನ ಒಳಗೆ ಕೂರಿಸ್ತೀನಿ. ದೂರದ್ದೂ ಕಾಣುತ್ತೆ, ಹತ್ತಿರದ್ದೂ ಕಾಣುತ್ತೆ. ಕನ್ನಡಕವೇ ಬೇಡ. ಇದು ನನ್ನ ಗುರುದಕ್ಷಿಣೆ."

"ಒಂದೇ ಗಾಜಿನಲ್ಲಿ ಎರಡೂ ಹೇಗಪ್ಪ?"

"ಅದರ ಮೈಮೇಲೆ ತೆಳ್ಳನೆಯ ಉಂಗುರಗಳಿವೆ. ಒಳಗೆ ಬರೋ ಬೆಳಕನ್ನ ಹಂಚುತ್ತವೆ. ಒಂದು ಪಾಲು ದೂರಕ್ಕೆ, ಒಂದು ಪಾಲು ಹತ್ತಿರಕ್ಕೆ."

"ಬೆಳಕು ಹೆಚ್ಚಾಗುತ್ತದೆಯೋ?"

"ಇಲ್ಲ. ಇದ್ದದ್ದೇ ಪಾಲಾಗುತ್ತೆ. ಸ್ವಲ್ಪ ಚದುರಿಯೂ ಹೋಗುತ್ತೆ."

"ಎರಡು ಚಿತ್ರವೂ ಒಟ್ಟಿಗೇ ಬಿದ್ದರೆ ನಾನು ಯಾವುದನ್ನು ನೋಡಲಿ?"

"ಬೇಕಾದ್ದನ್ನ ಮನಸ್ಸೇ ಆರಿಸಿಕೊಳ್ಳುತ್ತೆ. ಬೇಡದ್ದನ್ನ ಬಿಡೋಕೆ ಕಲಿಯುತ್ತೆ. ಸ್ವಲ್ಪ ಸಮಯ ಬೇಕು, ಅಷ್ಟೇ."

ಗುರುಗಳು ನಕ್ಕರು. "ಅದನ್ನೇ ಅಲ್ಲವೇನೋ ನಾನು ಇಷ್ಟು ವರ್ಷ ನಿಮಗೆಲ್ಲ ಹೇಳಿದ್ದು? ಒಬ್ಬರೂ ಕಲಿಯಲಿಲ್ಲ. ಈಗ ಈ ಗಾಜು ಕಲಿಸುತ್ತದೆಯೋ?"

ಪಕ್ಕದಲ್ಲಿದ್ದ ನೀಲಮ್ಮ ನಗು ತಡೆಯಲು ಸೆರಗನ್ನು ಬಾಯಿಗಿಟ್ಟುಕೊಂಡಳು. ಗುರುಗಳು ತಾಳೆಗರಿ ಓದಿ ಹೇಳಿದ್ದನ್ನು ಬರೆದುಕೊಳ್ಳುವ ಶಿಷ್ಯೆ ಅವಳು.

ಮಠದಲ್ಲಿ ಹಳೆಯದೊಂದು ಗರಿಯ ಕಟ್ಟು ಇತ್ತು. ಪದಕ್ಕೂ ಪದಕ್ಕೂ ನಡುವೆ ಜಾಗವಿಲ್ಲದ ಕೈಬರಹ. ಓದಬಲ್ಲವರು ಗುರುಗಳೊಬ್ಬರೇ. ಮುಟ್ಟಿದಷ್ಟೂ ಗರಿ ಪುಡಿಯಾಗುತ್ತಿತ್ತು. ಅದು ಪೂರ್ತಿ ಉದುರುವ ಮೊದಲು ಓದಿ ಮುಗಿಸಬೇಕಿತ್ತು.

ಒಂದು ಕಣ್ಣಿನ ಆಪರೇಷನ್ ಆಯಿತು.

ಗಾಯ ಮಾಯ್ದ ಮೇಲೆ ಷಡಕ್ಷರಿ ಗೋಡೆಗೆ ಅಕ್ಷರದ ಪಟ ತೂಗುಹಾಕಿದ. ಗುರುಗಳು ಕೊನೆಯ ಸಾಲಿನವರೆಗೂ ಓದಿದರು. ದಿನಪತ್ರಿಕೆ ಕೊಟ್ಟ. ಅದನ್ನೂ ಓದಿದರು.

"ನೋಡಿದ್ರಾ ನೀಲಮ್ಮನೋರೇ!" ಎಂದ.

ಕೆಲವು ತಿಂಗಳು ಬಿಟ್ಟು, ಇನ್ನೊಂದು ಕಣ್ಣಿಗೆ ದಿನ ಗೊತ್ತುಮಾಡಲು ಮತ್ತೆ ಬಂದ. ಗುರುಗಳು ಕಿಟಕಿಯ ಹತ್ತಿರದ ಪೀಠದಲ್ಲಿ ಗರಿ ಹಿಡಿದು ಕೂತಿದ್ದರು. ಮುಂದೆ ತಂದರು. ಹಿಂದೆ ಸರಿಸಿದರು. ಬೆಳಕಿಗೆ ವಾಲಿಸಿದರು.

"ಇಲ್ಲಿ ಅಕ್ಷರವೋ, ಹುಳು ತಿಂದ ಗೆರೆಯೋ ತಿಳಿಯುತ್ತಿಲ್ಲ. ಜಾಗ ಬಿಡು ತಾಯಿ."

ನೀಲಮ್ಮ ಜಾಗ ಬಿಟ್ಟಳು. ಅವಳ ಹಾಳೆಯ ತುಂಬ ಬಿಟ್ಟ ಜಾಗವೇ ಇತ್ತು.

"ಪೇಪರ್ ಓದ್ತಾರೆ ಡಾಕ್ಟ್ರೇ," ಎಂದಳು. "ಹೊಳೆಯಾಚೆ ಮೇಯ್ತಿರೋದು ಯಾರ ಎಮ್ಮೆ ಅಂತಲೂ ಹೇಳ್ತಾರೆ. ಗರಿ ಒಂದು ಆಗ್ತಿಲ್ಲ."

ಷಡಕ್ಷರಿ ಗರಿಯನ್ನು ಕೈಗೆ ತೆಗೆದುಕೊಂಡ. ಕಂದು ಗರಿ. ಹಚ್ಚಿದ್ದ ಮಸಿ ಎಂದೋ ಹೋಗಿ, ಅಕ್ಷರವೂ ಕಂದು.

ಬಿಳಿಯ ಮೇಲಿನ ಕಪ್ಪಿಗೆ ಪಾಲಿನ ಬೆಳಕು ಸಾಕು. ಕಂದಿನ ಮೇಲಿನ ಕಂದಿಗೆ ಸಾಲದು. ಅವನಿಗೆ ಇದು ಗೊತ್ತಿಲ್ಲದ ವಿಷಯವಲ್ಲ.

ಕಾಲಿಗೆ ಬಿದ್ದ. "ತಪ್ಪಾಯ್ತು ಬುದ್ಧೀ. ಆ ಲೆನ್ಸ್ ತೆಗೆದುಬಿಡ್ತೀನಿ. ಬೇರೆ ಹಾಕ್ತೀನಿ."

"ತೆಗೆದರೆ ಕಣ್ಣಿಗೆ ಅಪಾಯವಿಲ್ಲವೋ?"

ಅವನು ತಡೆದು ಹೇಳಿದ. "ಇದೆ."

"ನಿನ್ನ ನಾಚಿಕೆ ತೆಗೆಯುವುದಕ್ಕೆ ನನ್ನ ಕಣ್ಣು ಕೊಯ್ಯಬೇಕೇನಪ್ಪ?"

ಷಡಕ್ಷರಿ ಎದ್ದು ಕೈಕಟ್ಟಿ ನಿಂತ.

"ಆಸ್ಪತ್ರೆಗೆ ಬರುವವರಿಗೆ ಲೆನ್ಸ್ ಹೇಗೆ ಆರಿಸುತ್ತೀ?"

"ಕೇಳ್ತೀನಿ. ಏನು ಕೆಲಸ, ಎಂಥ ಬೆಳಕಲ್ಲಿ ಮಾಡ್ತೀರಿ, ಕತ್ತಲಲ್ಲಿ ಗಾಡಿ ಓಡಿಸ್ತೀರಾ, ಏನು ಕಾಣದೆ ಇದ್ರೆ ನಿಮಗೆ ಆಗೋದೇ ಇಲ್ಲ... ಎಲ್ಲ ಕೇಳಿ ಆಮೇಲೇ."

"ಕುರಿ ಕಾಯುವವನನ್ನೂ ಕೇಳುತ್ತೀಯೋ?"

"ಅವನನ್ನೂ."

"ನನ್ನನ್ನು ಕೇಳಲಿಲ್ಲ."

"ನಿಮ್ಮನ್ನ ನಾನು ಪ್ರಶ್ನೆ ಕೇಳೋದೇ ಬುದ್ಧೀ? ಗುರುಗಳಿಗೆ ಎಲ್ಲವೂ ಕಾಣಬೇಕು ಅಂದ್ಕೊಂಡೆ."

"ಪಾದ ತೊಳೆದದ್ದೇ ತೊಳೆದದ್ದು," ಎಂದಳು ನೀಲಮ್ಮ, ಹಾಳೆಯಿಂದ ಕಣ್ಣೆತ್ತದೆ. "ಮುಖ ನೋಡಲಿಲ್ಲ."

"ಅವನನ್ನು ಅನ್ನಬೇಡ," ಎಂದರು ಗುರುಗಳು. "ಅವನು ಕೊಡುವ ಅವಸರದಲ್ಲಿದ್ದ. ನಾನು ಸುಮ್ಮನಿದ್ದೆ. ನನ್ನದೂ ಪಾಲಿದೆ."

ಅವರು ಪೀಠದಿಂದ ಇಳಿದು ಚಾಪೆಯ ಮೇಲೆ ಕೂತರು. ಬಾಗಿಲ ಹತ್ತಿರದ ಸ್ಟೂಲನ್ನು ತೋರಿಸಿದರು.

"ಮೇಲೆ ಕೂತುಕೋ."

ಷಡಕ್ಷರಿ ಅವರ ಮುಂದೆ ಎಂದೂ ಎತ್ತರದಲ್ಲಿ ಕೂತವನಲ್ಲ. ಕೈಕಟ್ಟಿ ನಿಂತೇ ಇದ್ದ.

"ಡಾಕ್ಟರು ಕೈಕಟ್ಟಿ ನಿಂತರೆ ರೋಗಿ ಮನಬಿಚ್ಚಿ ಹೇಗೆ ಮಾತಾಡಿಯಾನು? ಕೂತುಕೋ. ಇನ್ನೂ ಒಂದು ಕಣ್ಣಿದೆ. ಕೇಳು."

ಕೂತ. ಮೊದಲ ಪ್ರಶ್ನೆ ಕೇಳಿದ.

"ಹೆಸರು?"

"ಪುಟ್ಟಮಾದ."

ನೀಲಮ್ಮನ ಪೆನ್ನು ನಿಂತಿತು. ಗುರುಗಳು ಮಠಕ್ಕೆ ಬರುವ ಮುಂಚಿನ ಆ ಹೆಸರನ್ನು ಅವಳಾಗಲಿ ಷಡಕ್ಷರಿಯಾಗಲಿ ಕೇಳಿರಲಿಲ್ಲ.

"ಕೆಲಸ?"

"ಮಾಸಿದ್ದನ್ನು ಓದುವುದು."

ಷಡಕ್ಷರಿ ನಿಧಾನವಾಗಿ, ಆಸ್ಪತ್ರೆಯಲ್ಲಿ ಹೇಳುವಂತೆಯೇ ಹೇಳಿದ. "ಈ ಕಣ್ಣಿಗೆ ಬೆಳಕು ಹಂಚದ ಲೆನ್ಸ್ ಹಾಕಬಹುದು. ಇಡೀ ಬೆಳಕು ಒಂದೇ ಕಡೆಗೆ. ಹತ್ತಿರಕ್ಕೆ ಇಟ್ಟರೆ ಗರಿಯ ಅಕ್ಷರ ಇನ್ನಷ್ಟು ಬಿಡಿಸಿ ಕಾಣಬಹುದು. ಆದರೆ ಈ ಕಣ್ಣಿಗೆ ದೂರವೆಲ್ಲ ಮಂಜು. ಮೊದಲಿನ ಕಣ್ಣಿಗೆ ಆ ಉಂಗುರಗಳಿಂದಾಗಿ ಹೊತ್ತು ಮುಳುಗಿದ ಮೇಲೆ ದೀಪದ ಸುತ್ತ ಬೆಳಕಿನ ಬಳೆ ಕಾಣೋದು ಹೇಗೂ ಇದೆ. ಕತ್ತಲಲ್ಲಿ ಆಚೆ ದಡದಲ್ಲಿ ಯಾರು ನಿಂತರೂ ಗುರುತು ಸಿಗದೆ ಹೋಗಬಹುದು. ಯೋಚನೆ ಮಾಡಿ ಹೇಳಿ. ನಿಮಗೆ ಯಾವುದು ಬೇಕು?"

ಗುರುಗಳು ಅವನ ಮುಖವನ್ನೇ ನೋಡಿದರು.

"ಹತ್ತಿರದ್ದು ಸಾಕಪ್ಪ," ಎಂದರು. "ದೂರದ್ದನ್ನು ನೀನು ನೋಡಿ ಹೇಳು."