ಬೆಲ್ಲು ಮತ್ತು ಎಡಗಾಲಿನ ಚಪ್ಪಲಿ

ಗುಡ್ಡದ ಮೇಲೆ ಕಟ್ಟಿದ ಪಟ್ಟಣವೊಂದರಲ್ಲಿ ಲಾದ್ರು ಎಂಬವನು ಸೈಕಲ್ಲಿನಲ್ಲಿ ಬನ್ನು ಮಾರುತ್ತಿದ್ದ. ಏರು ಬಂದರೆ ಇಳಿದು ತಳ್ಳುವುದು, ಇಳಿಜಾರು ಬಂದರೆ ಹತ್ತಿ ಕೂರುವುದು ಅವನ ಪದ್ಧತಿ. ಸೈಕಲ್ಲಿಗೆ ಹೊಸದಾಗಿ ಬಂದ ಹಿತ್ತಾಳೆ ಬೆಲ್ಲಿಗೆ ಅವನ ಎಡಗಾಲಿನ ಹವಾಯಿ ಚಪ್ಪಲಿಯನ್ನು ಕಂಡರೆ ಆಗುತ್ತಿರಲಿಲ್ಲ.

ಒಂದು ದಿನ ಗುಡ್ಡದ ನೆತ್ತಿಯಲ್ಲಿ ಬೆಲ್ಲು ಹೇಳಿತು, "ಏರಿನಲ್ಲಿ ಕೆಸರು ತುಳಿಯಲು ನೀನು ಬೇಕು, ಒಪ್ಪುತ್ತೇನೆ. ಇಳಿಜಾರು ಮಾತ್ರ ನನ್ನ ರಾಜ್ಯ. ನಾನೊಮ್ಮೆ ಕೂಗಿದರೆ ಇಡೀ ಊರೇ ಪಕ್ಕಕ್ಕೆ ಸರಿಯುತ್ತದೆ."

"ಸರಿಯಲಿ, ಒಳ್ಳೆಯದೇ," ಎಂದಿತು ಚಪ್ಪಲಿ.

ಅರ್ಧ ಇಳಿಯುವಷ್ಟರಲ್ಲಿ ಬ್ರೇಕಿನ ತಂತಿ ಪಟ್ಟನೆ ತುಂಡಾಯಿತು. ಬೆಲ್ಲು ಗಂಟಲು ಹರಿಯುವಂತೆ ಕೂಗಿತು. ಹೆಂಗಸರು ಸರಿದರು, ಆಟೋದವರು ಸರಿದರು, ದಾರಿಗಡ್ಡ ಮಲಗಿದ್ದ ಎಮ್ಮೆಯೂ ಎದ್ದು ಸರಿಯಿತು. ತಿರುವಿನಲ್ಲಿದ್ದ ಕಲ್ಲಿನ ಗೋಡೆ ಸರಿಯಲಿಲ್ಲ.

"ದೇವಾ!" ಎಂದವನೇ ಲಾದ್ರು ಎಡಗಾಲನ್ನು ಹಿಂದಕ್ಕೆ ಚಾಚಿ, ಚಪ್ಪಲಿಯನ್ನು ಹಿಂದಿನ ಟಯರಿಗೆ ಒತ್ತಿ ಹಿಡಿದ. ರಬ್ಬರು ಚೀರಿತು, ಹೊಗೆ ಎದ್ದಿತು. ಗೋಡೆ ಇನ್ನೊಂದು ಗೇಣು ದೂರವಿರುವಾಗ ಸೈಕಲ್ಲು ನಿಂತಿತು. ಬುಟ್ಟಿಯ ಒಂದು ಬನ್ನೂ ಕೆಳಗೆ ಬಿದ್ದಿರಲಿಲ್ಲ.

ಬೆಲ್ಲು ಕೇಳಿತು, "ಏನಿದು, ಸುಟ್ಟ ವಾಸನೆ?"

"ನಾನೇ," ಎಂದಿತು ಚಪ್ಪಲಿ. ಅದರ ಹಿಮ್ಮಡಿ ಸವೆದು ಕಾಗದದಷ್ಟು ತೆಳ್ಳಗಾಗಿತ್ತು.

ಮರುದಿನ ಹೊಸ ತಂತಿ ಹಾಕಿಸಿಕೊಂಡು, ಅದೇ ಚಪ್ಪಲಿ ಮೆಟ್ಟಿಕೊಂಡು ಲಾದ್ರು ಗುಡ್ಡದ ನೆತ್ತಿಗೆ ಬಂದ. ಇಳಿಯುವ ಮುಂಚೆ ಬೆಲ್ಲು ತಾನಾಗಿಯೇ ಚಪ್ಪಲಿಯ ಕಡೆಗೆ ಒಮ್ಮೆ, ಮೆಲ್ಲಗೆ, ದನಿ ಮಾಡಿತು. ಯಾರಪ್ಪಾ ಅಡ್ಡ ಬಂದರು ಎಂದು ಲಾದ್ರು ತಲೆಯೆತ್ತಿ ನೋಡಿದ. ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.