ಹಂಡೆಯ ಹಡಗು ಬಾಡಿಗೆ

೧೯೮೧ರ ಫೆಬ್ರುವರಿ ೧೯ರ ನನ್ನ ದಿನಚರಿಯಲ್ಲಿ ಹೀಗಿದೆ: ಮದುವೆಯಾಗಲು ನೈರೋಬಿಗೆ ಹೊರಟ ಮಗಳು ಸುಕನ್ಯಾಳ ಸಾಮಾನು ಕಟ್ಟುವಾಗ, ತಾಮ್ರದ ಹಂಡೆಯು ಕಲ್ಲಿನ ಕುಟ್ಟಾಣಿಯನ್ನು ಹಂಗಿಸಿತು.

“ಎಲೋ ಡುಮ್ಮ, ನಿನ್ನ ಭಾರಕ್ಕೆ ಹಡಗೇ ಮುಳುಗೀತು. ನೀನು ಇಲ್ಲೇ ಇರು.”

“ಹಡಗಿನವರು ತೂಕ ನೋಡುವುದಿಲ್ಲವಂತೆ ಅಕ್ಕಾ, ಹಿಡಿಯುವ ಜಾಗಕ್ಕೆ ಬಾಡಿಗೆಯಂತೆ. ನಿನ್ನ ಹೊಟ್ಟೆಯಲ್ಲಿ ಏನಿದೆ?”

“ಏನೂ ಇಲ್ಲ. ಚೊಕ್ಕಟವಾಗಿದೆ.”

“ಹಾಗಾದರೆ ಪಾತ್ರೆ, ಸೌಟು, ನಾನು, ಎಲ್ಲರೂ ಒಳಗೆ ಕೂರೋಣವೇ? ಒಂದೇ ಬಾಡಿಗೆಯಲ್ಲಿ ಹೋಗಬಹುದು.”

“ಮದುಮಗಳ ಎಣ್ಣೆನೀರಿನ ಹಂಡೆಯೊಳಗೆ ಕಲ್ಲೇ!” ಎಂದು ಅದು ಮುಚ್ಚಳ ಬಿಗಿದುಕೊಂಡಿತು.

ಹಡಗಿನ ಗುಮಾಸ್ತ ಬಂದು ಟೇಪು ಹಿಡಿದು ಅಳೆದ. ಖಾಲಿ ಹಂಡೆಗೆ ಇನ್ನೂರು ರೂಪಾಯಿ ಎಂದ. ಗಾಳಿಗೆ ಬಾಡಿಗೆ ಕೊಡಲು ನಾನು ಒಪ್ಪಲಿಲ್ಲ. ಹಂಡೆ ಇಲ್ಲೇ ಉಳಿಯಿತು. ಕುಟ್ಟಾಣಿ ನೈರೋಬಿಗೆ ಹೊರಟಿತು. ಅದಕ್ಕೆ ತಗುಲಿದ್ದು ಹದಿನೆಂಟು ರೂಪಾಯಿ.